ಮಸ್ಕತ್ತಿಗೆ ಹೋದ ಮಲೆನಾಡಿನ ಮೆಣಸು

ಕುರ್‌ಆನಿನ ಕೊನೆಯ ಭಾಗದಲ್ಲಿರುವ ಚಿಕ್ಕ ಸೂರಃಗಳಲ್ಲಿ 'ಕುರೈಶ್' ಒಂದು. ನಾಲ್ಕೇ ಆಯತ್‌ಗಳು. ಮದ್ರಸಕ್ಕೆ ಸೇರಿದ ಮಗು ಮೊದಲ ವರ್ಷದಲ್ಲೇ ಅದನ್ನು ಬಾಯಿಪಾಠ ಮಾಡಿಬಿಡುತ್ತದೆ. ಚಳಿಗಾಲದ ಮತ್ತು ಬೇಸಿಗೆಯ ಎರಡು ಯಾತ್ರೆಗಳನ್ನು ನೆನಪಿಸಿ, ಹಸಿವಿನಲ್ಲಿ ಅನ್ನವನ್ನೂ ಭಯದಲ್ಲಿ ಅಭಯವನ್ನೂ ಕೊಟ್ಟ ಪ್ರಭುವನ್ನು ಆರಾಧಿಸಿರಿ ಎಂದು ಆ ಸೂರಃ ಕರೆ ಕೊಡುತ್ತದೆ. ಆ ಯಾತ್ರೆಗಳು ವ್ಯಾಪಾರದ ಯಾತ್ರೆಗಳು. ಚಳಿಗಾಲದಲ್ಲಿ ಯಮನ್ ಕಡೆಗೆ, ಬೇಸಿಗೆಯಲ್ಲಿ ಶಾಮ್ ಕಡೆಗೆ.

ಸೂರಃದ ಮೊದಲ ಮಾತೇ 'ಈಲಾಫ್'. ಒಗ್ಗಿಕೊಳ್ಳುವುದು, ಹೊಂದಿಕೊಳ್ಳುವುದು ಎಂಬುದು ಅದರ ಅರ್ಥ. ಅದಕ್ಕೆ ಒಪ್ಪಂದ ಎಂಬ ಅರ್ಥವೂ ಇದೆಯೆಂದು ವ್ಯಾಖ್ಯಾನಕಾರರು ಹೇಳುತ್ತಾರೆ. ಪ್ರವಾದಿವರ್ಯರ(ಸ) ಮುತ್ತಜ್ಜ ಹಾಶಿಮ್ ರೋಮ್ ಸಾಮ್ರಾಜ್ಯದ ಕಡೆಯಿಂದ ತಮ್ಮ ವರ್ತಕರಿಗೆ ಅಭಯಪತ್ರ ಪಡೆದರು. ಅವರ ಸಹೋದರರು ಯಮನ್, ಅಬಿಸೀನಿಯಾ ಮತ್ತು ಪರ್ಶಿಯಾದ ಅರಸರಿಂದ ಅಂಥದ್ದೇ ಪತ್ರ ತಂದರು. ಬೆಳೆ ಬೆಳೆಯದ ಬರಡು ಕಣಿವೆಯ ಮಕ್ಕಾ ಹೀಗೆ ದೂರದ ನಾಡುಗಳೊಂದಿಗೆ ನಂಟು ಬೆಳೆಸಿಕೊಂಡು ಊಟ ಮಾಡಿತು. ಇಂದು ರಾಜತಾಂತ್ರಿಕ ಸಂಬಂಧ, ವಾಣಿಜ್ಯ ಒಪ್ಪಂದ ಎಂಬ ದೊಡ್ಡ ಪದಗಳಿಂದ ಕರೆಯುವುದು ಇದನ್ನೇ.

2025ರ ಡಿಸೆಂಬರ್‌ನಲ್ಲಿ ಭಾರತ ಮತ್ತು ಒಮಾನ್ ಮಸ್ಕತ್ತಿನಲ್ಲಿ ಸಮಗ್ರ ಆರ್ಥಿಕ ಪಾಲುದಾರಿಕೆಯ ಒಪ್ಪಂದಕ್ಕೆ ಸಹಿ ಹಾಕಿದವು. ಪತ್ರಿಕೆಗಳಲ್ಲಿ ಮಂತ್ರಿಗಳು ಕೈ ಕುಲುಕುವ ಚಿತ್ರ ಬಂತು. ಇಂಥ ಸುದ್ದಿ ಬಂದಾಗ ನಮ್ಮಲ್ಲಿ ಹೆಚ್ಚಿನವರು ಪುಟ ತಿರುವುತ್ತಾರೆ. ಅದು ದೆಹಲಿಯವರ ಸಂಗತಿ, ಸಾಗರದಲ್ಲೋ ಹೊಸನಗರದಲ್ಲೋ ತೀರ್ಥಹಳ್ಳಿಯಲ್ಲೋ ಇರುವ ನಮಗೇನು ಎಂಬ ಭಾವನೆ. ಆದರೆ ಒಮಾನ್ ಎಂಬ ದೂರದ ನಾಡಿನ ಜೊತೆ ನಮ್ಮ ಈ ಮೂರು ತಾಲೂಕುಗಳಿಗೆ ಮುನ್ನೂರು ವರ್ಷಗಳಿಗಿಂತ ಹಳೆಯ ಲೆಕ್ಕವಿದೆ. ಶಾಲೆಯ ಪುಸ್ತಕದಲ್ಲಿ ಆ ಲೆಕ್ಕ ಬರುವುದೇ ಇಲ್ಲ. ಕೆಳದಿ ಅರಸರ ಪಾಠವೆಂದರೆ ಪಟ್ಟಕ್ಕೆ ಬಂದ ವರ್ಷ, ಗೆದ್ದ ಕೋಟೆ, ಕಟ್ಟಿಸಿದ ದೇವಸ್ಥಾನ. ಅವರ ಬೊಕ್ಕಸ ತುಂಬಿದ್ದು ಹೇಗೆ ಎಂದು ಒಂದು ಮಗು ಕೇಳಿದರೆ ಪುಸ್ತಕದಲ್ಲಿ ಉತ್ತರವಿಲ್ಲ.

ಮೊದಲು ಭೂಗೋಳ ನೋಡೋಣ. ಕೆಳದಿ ಮತ್ತು ಇಕ್ಕೇರಿ ಇಂದಿನ ಸಾಗರ ತಾಲೂಕಿನಲ್ಲಿವೆ. 1639ರ ಸುಮಾರಿಗೆ ರಾಜಧಾನಿಯಾದ ಬಿದನೂರು ಹೊಸನಗರ ತಾಲೂಕಿನ ಈಗಿನ ನಗರ. ಆಪತ್ತಿನ ಕಾಲಕ್ಕೆ ಅರಸರು ಸೇರಿಕೊಳ್ಳುತ್ತಿದ್ದ ಕವಲೇದುರ್ಗ ತೀರ್ಥಹಳ್ಳಿ ತಾಲೂಕಿನದು. ಮೂರೂ ಘಟ್ಟದ ನೆತ್ತಿಯ ಹತ್ತಿರ ಕುಳಿತಿವೆ. ಇದು ಆಕಸ್ಮಿಕವಲ್ಲ. ಸಾಗರದ ಕಡೆಯಿಂದ ಗೇರುಸೊಪ್ಪೆ ಘಟ್ಟ ಇಳಿದರೆ ಹೊನ್ನಾವರ. ನಗರದ ಕಡೆಯಿಂದ ಇಳಿದರೆ ಕುಂದಾಪುರ, ಬಸರೂರು. ತೀರ್ಥಹಳ್ಳಿಯಿಂದ ಆಗುಂಬೆ ಇಳಿದರೆ ಉಡುಪಿಯ ಸೀಮೆ. ಮೇಲೆ ಕಾಳುಮೆಣಸು, ಏಲಕ್ಕಿ, ಅಡಿಕೆ, ಗಂಧದ ಮರ. ಕೆಳಗೆ ಅಕ್ಕಿ ಮತ್ತು ಬಂದರು. ಹೇರಿನ ಎತ್ತುಗಳ ಸಾಲು ಇಳಿಯುವಾಗ ಮೆಣಸು ಹೊತ್ತು ಇಳಿಯುತ್ತಿತ್ತು, ಹತ್ತುವಾಗ ಉಪ್ಪು ಹೊತ್ತು ಹತ್ತುತ್ತಿತ್ತು. ಈ ದಾರಿಗಳ ಬಾಗಿಲು ಯಾರ ಕೈಯಲ್ಲಿತ್ತೋ ಅವರೇ ದೊರೆಗಳು.

ಅತ್ತ ಒಮಾನಿನಲ್ಲಿ ಏನಿತ್ತು? ಬೆಟ್ಟ, ಮರಳು, ಖರ್ಜೂರ, ಕುದುರೆ ಮತ್ತು ಸಮುದ್ರಕ್ಕೆ ಅಂಜದ ನಾವಿಕರು. ಅಕ್ಕಿ ಮಾತ್ರ ಇರಲಿಲ್ಲ. ಹಡಗು ಕಟ್ಟಲು ಒಳ್ಳೆಯ ಮರವೂ ಇರಲಿಲ್ಲ. ನಮ್ಮಲ್ಲಿದ್ದುದು ಅವರಿಗೆ ಬೇಕಿತ್ತು, ಅವರಲ್ಲಿದ್ದ ಕುದುರೆ ನಮ್ಮ ಅರಸರಿಗೆ ಬೇಕಿತ್ತು. ಸಂಬಂಧದ ಬುಡ ಇಷ್ಟೇ. ಉಳಿದದ್ದೆಲ್ಲ ಇದರ ಮೇಲೆ ಬೆಳೆದದ್ದು.

ಈ ನಂಟು ಕೆಳದಿಯವರಿಗಿಂತಲೂ ಹಳೆಯದು. 14ನೇ ಶತಮಾನದಲ್ಲಿ ಇಬ್ನ್ ಬತೂತಾ ಹೊನ್ನಾವರಕ್ಕೆ ಬಂದಾಗ ಅಲ್ಲಿ ಹೆಣ್ಣುಮಕ್ಕಳ 13 ಶಾಲೆಗಳನ್ನೂ ಗಂಡುಮಕ್ಕಳ 23 ಶಾಲೆಗಳನ್ನೂ ಕಂಡು ದಾಖಲಿಸಿದ್ದಾರೆ. ಅಲ್ಲಿಯ ಹೆಂಗಸರು ಕುರ್‌ಆನ್ ಕಂಠಪಾಠ ಮಾಡಿದವರು ಎಂದೂ ಬರೆದಿದ್ದಾರೆ. ಇದನ್ನು ಓದುವ ತಾಯಂದಿರು ಆ 13ರ ಲೆಕ್ಕವನ್ನು ಮನೆಯ ಗಂಡಸರಿಗೆ ಒಮ್ಮೆ ಹೇಳಿ ತೋರಿಸಲಿ! ಭಟ್ಕಳ ಬಂದರಿಗೆ ವಿಜಯನಗರದ ಕಾಲದಲ್ಲಿ ಹುರ್ಮುಝ್ ಕಡೆಯಿಂದ ಕುದುರೆಗಳು ಬಂದು ಇಳಿಯುತ್ತಿದ್ದವು. ವ್ಯಾಪಾರ ಬಂದ ಕಡೆ ಮಸೀದಿ ಬಂತು, ಶಾಲೆ ಬಂತು, ಮದುವೆಯ ಸಂಬಂಧಗಳೂ ಬಂದವು.

16ನೇ ಶತಮಾನದಲ್ಲಿ ಪೋರ್ಚುಗೀಸರು ಈ ಸಮುದ್ರದ ಮೇಲೆ ಹೊಸ ನಿಯಮ ತಂದರು. ತಮ್ಮ ಪರವಾನಿಗೆ ಚೀಟಿಯಿಲ್ಲದೆ ಯಾವ ಹಡಗೂ ಓಡಬಾರದು. 'ಕಾರ್ತಾಜ್' ಎಂದು ಆ ಚೀಟಿಯ ಹೆಸರು. ಚೀಟಿಯಿಲ್ಲದ ಹಡಗನ್ನು ಹಿಡಿಯುವುದು, ಸುಡುವುದು ಅವರಿಗೆ ಮಾಮೂಲಿ. 1568-69ರ ಹೊತ್ತಿಗೆ ಹೊನ್ನಾವರ, ಬಸರೂರು, ಮಂಗಳೂರು ಮೂರು ಕಡೆಯೂ ಅವರ ಕೋಟೆಗಳೆದ್ದವು. ಅವರ ಕಣ್ಣು ಮೆಣಸಿನ ಮೇಲೆ. ಬೆಲೆ ತಾವೇ ಹೇಳಬೇಕು, ಬೇರೆಯವರಿಗೆ ಮಾರಬಾರದು.

ಇಕ್ಕೇರಿಯ ವೆಂಕಟಪ್ಪ ನಾಯಕ ಇವರೊಂದಿಗೆ ಹೇಗೆ ವ್ಯವಹರಿಸಿದ ಎಂಬುದಕ್ಕೆ ಕಣ್ಣಾರೆ ಕಂಡ ಸಾಕ್ಷಿಯಿದೆ. 1623ರಲ್ಲಿ ಗೋವಾದಿಂದ ಪೋರ್ಚುಗೀಸ್ ರಾಯಭಾರಿಯೊಬ್ಬ ಇಕ್ಕೇರಿಗೆ ಬಂದ. ಅವನ ಪರಿವಾರದಲ್ಲಿ ಪಿಯೆತ್ರೊ ಡೆಲ್ಲಾ ವಾಲೆ ಎಂಬ ರೋಮಿನ ಪ್ರವಾಸಿಯೂ ಇದ್ದ. ಹೊನ್ನಾವರದಿಂದ ದೋಣಿಯಲ್ಲಿ ಗೇರುಸೊಪ್ಪೆಗೆ, ಅಲ್ಲಿಂದ ಘಟ್ಟ ಹತ್ತಿ ಸಾಗರದ ಮೂಲಕ ಇಕ್ಕೇರಿಗೆ ಬಂದ ಈ ಮನುಷ್ಯ ದಾರಿಯ ಕಾಡು, ಊರಿನ ಬಿದಿರಿನ ಬೇಲಿ, ಅರಮನೆಯ ಮರ್ಯಾದೆ ಎಲ್ಲವನ್ನೂ ಪತ್ರಗಳಲ್ಲಿ ಬರೆದಿಟ್ಟ. ದಾರಿಯ ಒಂದು ಹಳ್ಳಿಯ ಗುಡಿಯ ಜಗಲಿಯಲ್ಲಿ ಕೆಲವು ಹುಡುಗರು ನೆಲದ ಮೇಲೆ ಮರಳು ಹರಡಿ, ಬೆರಳಿನಿಂದ ಅಂಕಿ ಬರೆಯುತ್ತ, ಒಟ್ಟಾಗಿ ರಾಗವಾಗಿ ಹೇಳುತ್ತ ಲೆಕ್ಕ ಕಲಿಯುವುದನ್ನು ಅವನು ನಿಂತು ನೋಡಿದ. ಮೇಷ್ಟರು ಅಲ್ಲಿರಲಿಲ್ಲ, ಮಕ್ಕಳೇ ಒಬ್ಬರಿಗೊಬ್ಬರು ಕಲಿಸುತ್ತಿದ್ದರು. ಯುರೋಪಿನ ಪ್ರವಾಸಿಗೆ ಇದು ದೊಡ್ಡ ವಿಷಯವಾಯಿತು. ನನ್ನಂಥ ಮೇಷ್ಟರಿಗೆ ಅರಮನೆಯ ವರ್ಣನೆಗಿಂತ ಈ ಪುಟವೇ ಪ್ರಿಯ.

ಆ ರಾಯಭಾರದಲ್ಲಿ ಗಮನಿಸಬೇಕಾದದ್ದು ಬೇರೆಯೇ ಇದೆ. ಕೆಳದಿ ಅರಸ ವೀರಶೈವ. ಗೋವಾದಲ್ಲಿ ಅವನ ರಾಯಭಾರಿಯಾಗಿದ್ದವರು ವಿಠ್ಠಲ ಶೆಣೈ ಎಂಬ ಕೊಂಕಣಿ ಬ್ರಾಹ್ಮಣ. ಎದುರು ಕುಳಿತವರು ಕ್ರೈಸ್ತರು. ಮಾತುಕತೆಯ ಒಂದು ವಿಷಯ ಮೆಣಸಿನ ಹಣ. ಒಪ್ಪಂದದ ಪ್ರಕಾರ ಪೋರ್ಚುಗೀಸರು ಮೆಣಸು ಎತ್ತಿ ಹಣ ಕೊಡಬೇಕು. ಅವರ ಹಡಗು ಬಾರದಿದ್ದರೆ ಮೆಣಸು ಬೆಳೆದವನು ಏನು ಮಾಡಬೇಕು? ಮಂಡಿಗೆ ಅಡಿಕೆ ಹಾಕಿ ದುಡ್ಡಿಗಾಗಿ ಕಾದು ಕುಳಿತ ಅನುಭವ ಇರುವ ನಮ್ಮ ಓದುಗರಿಗೆ ಈ ಜಗಳವನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದರ ಹಿಂದಿನ ವರ್ಷ, 1622ರಲ್ಲಿ, ಪೋರ್ಚುಗೀಸರು ಹುರ್ಮುಝ್ ಕಳೆದುಕೊಂಡಿದ್ದರು. ಅವರ ಕೈ ಸಡಿಲವಾದದ್ದು ಇಕ್ಕೇರಿಯ ಅರಮನೆಗೆ ಗೊತ್ತಿತ್ತು. ಘಟ್ಟದ ಮೇಲೆ ಕಾಡಿನ ನಡುವೆ ಕುಳಿತ ಅರಸನಿಗೆ ಪರ್ಶಿಯಾದ ಕೊಲ್ಲಿಯ ಸುದ್ದಿ ಸರಿಯಾಗಿ ತಲುಪುತ್ತಿತ್ತು ಎಂಬುದು ಸಣ್ಣ ಸಂಗತಿಯಲ್ಲ.

ಇನ್ನು ಎರಡು ತೇದಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ. 1650ರಲ್ಲಿ ಒಮಾನಿನ ಇಮಾಮ್ ಸುಲ್ತಾನ್ ಬಿನ್ ಸೈಫ್ ಪೋರ್ಚುಗೀಸರನ್ನು ಮಸ್ಕತ್ತಿನಿಂದ ಓಡಿಸಿದರು. 1652 ಮತ್ತು 1654ರ ನಡುವೆ ಬಿದನೂರಿನ ಶಿವಪ್ಪ ನಾಯಕ ಅವರನ್ನು ಕರಾವಳಿಯ ಕೋಟೆಗಳಿಂದ ಓಡಿಸಿದ. ಸಮುದ್ರದ ಎರಡು ದಡಗಳಲ್ಲಿ ನಾಲ್ಕೇ ವರ್ಷಗಳ ಅಂತರದಲ್ಲಿ ಒಂದೇ ಕೆಲಸ ಆಯಿತು. ಅನಂತರ ಮಸ್ಕತ್ತಿನ ಹಡಗುಗಳು ಅಕ್ಕಿಗಾಗಿ ಕೆನರಾದ ಬಂದರುಗಳಿಗೆ ಹೆಚ್ಚು ಹೆಚ್ಚಾಗಿ ಬರತೊಡಗಿದವು. ರಾಣಿ ಚೆನ್ನಮ್ಮಾಜಿ ಆಳಿದ 17ನೇ ಶತಮಾನದ ಕೊನೆಯ ದಶಕಗಳಲ್ಲಿ ಬಿದನೂರು ಪೋರ್ಚುಗೀಸರೊಂದಿಗೂ ಕರಾರು ಮಾಡಿಕೊಂಡಿತು, ಅರಬರಿಗೂ ಬಂದರು ತೆರೆದಿಟ್ಟಿತು, ಡಚ್ಚರಿಗೂ ಅಕ್ಕಿ ಮಾರಿತು. ಒಬ್ಬ ಗಿರಾಕಿಯನ್ನೇ ನಂಬಿ ಕುಳಿತವನ ಅಂಗಡಿ ಯಾವತ್ತಿಗೂ ಅವನ ಕೈಯಲ್ಲಿರುತ್ತದೆ ಎಂಬುದು ಆ ಅರಮನೆಗೆ ತಿಳಿದಿತ್ತು. ಔರಂಗಝೇಬನ ಸೈನ್ಯ ಬೆನ್ನಟ್ಟಿದ್ದ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟವರೂ ಇದೇ ರಾಣಿ. ನೆರೆಯ ಬಾದಶಹನೊಂದಿಗೆ ಕಾದಾಟ ಒಂದು ಕಡೆ, ಅರಬ್ ವರ್ತಕರೊಂದಿಗೆ ವ್ಯಾಪಾರ ಇನ್ನೊಂದು ಕಡೆ. ಎರಡನ್ನೂ ಧರ್ಮದ ಹೆಸರಿನಲ್ಲಿ ಬೆರೆಸಲಿಲ್ಲ. ಇಂದು ಇತಿಹಾಸವನ್ನು ಎರಡೇ ಬಣ್ಣದಲ್ಲಿ ಬರೆಯಹೊರಟವರು, ಅವರು ಯಾವ ಕಡೆಯವರೇ ಆಗಲಿ, ಈ ರಾಣಿಯ ಮುಂದೆ ತಡವರಿಸುತ್ತಾರೆ.

ಎಲ್ಲವೂ ಹಾಲು ಸಕ್ಕರೆಯಂತೆ ಇತ್ತೆಂದು ಹೇಳಿದರೆ ಸುಳ್ಳಾಗುತ್ತದೆ. ಪೋರ್ಚುಗೀಸರ ಕಟ್ಟುಪಾಡುಗಳಿಂದ ಕೆರಳಿದ ಅರಬರು 1695ರಲ್ಲಿ ಮಂಗಳೂರು ಮುಂತಾದ ಕರಾವಳಿ ಪಟ್ಟಣಗಳಿಗೆ ಬೆಂಕಿಯಿಟ್ಟರೆಂದು ಗೆಝೆಟಿಯರ್ ಹೇಳುತ್ತದೆ. ಮುಸ್ಲಿಮರು ಮಾಡಿದರೆಂದು ಈ ಕೃತ್ಯವನ್ನು ಮುಚ್ಚಿಡಬೇಕಾಗಿಲ್ಲ. ಸುಟ್ಟ ಅಂಗಡಿಗಳಲ್ಲಿ ಅವರಿಗೇ ಅಕ್ಕಿ ಅಳೆದುಕೊಡುತ್ತಿದ್ದವರ ಅಂಗಡಿಗಳೂ ಇದ್ದಿರಬೇಕು. ಪೋರ್ಚುಗೀಸರು ಸುಮ್ಮನಿರಲಿಲ್ಲ. 1713ರಲ್ಲಿ ಕರಾವಳಿಯ ಮೇಲೆ ನೌಕಾದಾಳಿ ಮಾಡಿ, 1714ರ ಒಪ್ಪಂದದಲ್ಲಿ ಅರಬರ ಹಡಗುಗಳನ್ನು ಬಿಟ್ಟುಕೊಳ್ಳಬಾರದೆಂಬ ಷರತ್ತನ್ನು ಬಿದನೂರಿನ ಮೇಲೆ ಹೇರಿದರು. ಷರತ್ತು ಕಾಗದದಲ್ಲಿ ಉಳಿಯಿತು, ಮಸ್ಕತ್ತಿನವರ ಹೊಟ್ಟೆಗೆ ಅಕ್ಕಿ ಬೇಕಾಗಿತ್ತು. 18ನೇ ಶತಮಾನದಲ್ಲಿ ಕಡಲ್ಗಳ್ಳರು ಮಂಗಳೂರಿನ ಅಕ್ಕಿಯ ಹಡಗುಗಳನ್ನು ತಡೆದಾಗ ಇಮಾಮ್ ಅಹ್ಮದ್ ಬಿನ್ ಸಈದ್ ತಮ್ಮ ಹಡಗುಗಳನ್ನು ಕಳುಹಿಸಿ ದಾರಿ ಬಿಡಿಸಿದ ಸಂಗತಿಯನ್ನು ಒಮಾನಿನ ಇತಿಹಾಸಕಾರ ಇಬ್ನ್ ರುಝೈಕ್ ಬರೆದಿದ್ದಾರೆ.

ಹಾಗಾದರೆ ದೂರದ ವರ್ತಕನು ಬೆದರದೆ ಬರುತ್ತಿದ್ದುದು ಯಾವ ಭರವಸೆಯ ಮೇಲೆ? 1727ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಅಲೆಗ್ಝಾಂಡರ್ ಹ್ಯಾಮಿಲ್ಟನ್ ಎಂಬ ಸ್ಕಾಟಿಷ್ ಕಪ್ತಾನ ಈ ರಾಜ್ಯದ ಬಗ್ಗೆ ಒಂದು ಮಾತು ಹೇಳಿದ್ದಾನೆ. ಇಲ್ಲಿ ದರೋಡೆ, ಕೊಲೆ ಎಂಬುದು ಕೇಳಿಬರುವುದು ಅಪರೂಪ, ಪರದೇಶಿಯೊಬ್ಬ ನಾಡಿನ ಉದ್ದಕ್ಕೂ ಯಾರ ವಿಚಾರಣೆಗೂ ಸಿಗದೆ ನಡೆದುಹೋಗಬಹುದು ಎಂಬುದು ಅದರ ತಾತ್ಪರ್ಯ. ಕುರೈಶ್ ಸೂರಃದ ಕೊನೆಯ ಮಾತನ್ನು ಇಲ್ಲಿ ನೆನೆಯಿರಿ. ಅನ್ನ ಮತ್ತು ಅಭಯ. ಅಕ್ಕಿ ಇರುವ ಊರುಗಳು ಬೇಕಾದಷ್ಟಿದ್ದವು. ಅಕ್ಕಿಯ ಜೊತೆ ಅಭಯವೂ ಇರುವ ಊರಿಗೆ ಹಡಗು ತಿರುಗಿ ಬರುತ್ತದೆ.

1763ರಲ್ಲಿ ಹೈದರ್ ಅಲಿ ಬಿದನೂರನ್ನು ಗೆದ್ದ. ಅಪಾರ ಸಂಪತ್ತು ಅವನ ಪಾಲಾಯಿತು. ರಾಣಿ ವೀರಮ್ಮಾಜಿ ಮಧುಗಿರಿಯಲ್ಲಿ ಸೆರೆಯಾದರು. ಊರಿಗೆ ಹೈದರ್‌ನಗರ ಎಂದು ಹೆಸರಿಟ್ಟ, ಟಂಕಸಾಲೆ ತೆರೆದ. ಈಗಿನ 'ನಗರ' ಆ ಹೆಸರಿನಲ್ಲಿ ಉಳಿದ ತುಂಡು. ಗೆದ್ದವನ ಸಂತೋಷವನ್ನು ಮಾತ್ರ ಹೇಳುವುದು ನ್ಯಾಯವಲ್ಲ. ಆ ಕೋಟೆಯೊಳಗೆ ಸೋತವರ ಕಣ್ಣೀರೂ ಇದೆ. ಆದರೆ ಗಮನಿಸಿ, ಅರಮನೆಯ ಧರ್ಮ ಬದಲಾಯಿತು, ಮಸ್ಕತ್ತಿನ ವ್ಯಾಪಾರ ಬದಲಾಗಲಿಲ್ಲ. ಅದೇ ಘಟ್ಟ, ಅದೇ ಎತ್ತು, ಅದೇ ಮೆಣಸು.

ಟಿಪ್ಪುವಿನ ಕಾಲಕ್ಕೆ ಈ ನಂಟಿಗೆ ಒಂದು ವ್ಯವಸ್ಥೆ ಬಂತು. ಮಸ್ಕತ್ತಿನಲ್ಲಿ ಮೈಸೂರಿನ ಕೋಠಿ, ಅದಕ್ಕೆ ಮೀರ್ ಕಾಝಿಮ್ ಎಂಬ ದಾರೋಗ. ಎರಡೂ ಕಡೆ ಸುಂಕದಲ್ಲಿ ರಿಯಾಯಿತಿ. ಮೈಸೂರಿನ ಪ್ರತಿನಿಧಿಯ ಮನೆಗೆ ಮಸ್ಕತ್ತಿನಲ್ಲಿ 'ಬೈತ್ ನವ್ವಾಬ್' ಎಂಬ ಹೆಸರೇ ಬಿತ್ತು. 1785ರಿಂದ ಟಿಪ್ಪು ಬರೆಸಿದ ಪತ್ರಗಳನ್ನು ಕರ್ಕ್‌ಪ್ಯಾಟ್ರಿಕ್ ಎಂಬ ಇಂಗ್ಲಿಷ್ ಅಧಿಕಾರಿ 1811ರಲ್ಲಿ ಅನುವಾದಿಸಿ ಪ್ರಕಟಿಸಿದ. ಅವನು ಟಿಪ್ಪುವಿನ ಮಿತ್ರನಲ್ಲ, ಕೆಲವು ಟಿಪ್ಪಣಿಗಳಲ್ಲಿ ವಿಷವೂ ಇದೆ. ಆದರೂ ಪತ್ರಗಳು ತಮ್ಮ ಕಥೆ ತಾವೇ ಹೇಳುತ್ತವೆ. ಮೆಣಸು ಮತ್ತು ಗಂಧವನ್ನು ಬೆಲೆ ಬಿದ್ದಾಗ ಮಾರಬೇಡಿ, ಕಾದು ಮಾರಿ. ಕಿಶ್ಮ್ ದ್ವೀಪದಿಂದ ರೇಷ್ಮೆ ಹುಳುವಿನ ಮೊಟ್ಟೆಯನ್ನೂ ಸಾಕುವುದನ್ನು ಬಲ್ಲವರನ್ನೂ ಕಳುಹಿಸಿ. ಕೇಸರಿಯ ಬೀಜ ಬೇಕು, ಖರ್ಜೂರದ ಗಿಡ ಬೇಕು, ಗಂಧಕ ಬೇಕು, ಮುತ್ತು ತೆಗೆಯುವ ಮುಳುಗುಗಾರರು ಬೇಕು. ಸರಕಿಗಿಂತ ಕಸುಬು ಬಲ್ಲ ಕೈಗಳ ಮೇಲೆ ಆಸೆ ಇದ್ದ ದೊರೆ ಇವನು. ಅಲ್ಲಿ ಅವನ ವ್ಯವಹಾರಕ್ಕೆ ನೆರವಾದವರಲ್ಲಿ ಇಮಾಮರ ದಲ್ಲಾಳಿಯಾಗಿದ್ದ ಮಾವ್ ಸೇಠ್ ಎಂಬ ಹಿಂದೂ ವರ್ತಕನೂ ಇದ್ದ. ಮುಸ್ಲಿಮ್ ಸುಲ್ತಾನನ ಸರಕು, ಮುಸ್ಲಿಮ್ ಇಮಾಮರ ಬಂದರು, ನಡುವೆ ಹಿಂದೂ ಸೇಠ್.

ಟಿಪ್ಪುವಿನ ವಾಣಿಜ್ಯ ನಿಯಮದಲ್ಲಿ ನನಗೆ ಬಹಳ ಹಿಡಿಸಿದ್ದು ಒಂದಿದೆ. ಸರಕಾರದ ವ್ಯಾಪಾರದಲ್ಲಿ ಪ್ರಜೆಗಳೂ ಹಣ ಹೂಡಬಹುದಿತ್ತು. 500 ರೂಪಾಯಿಯವರೆಗೆ ಹಾಕಿದವನಿಗೆ ನೂರಕ್ಕೆ 50ರಂತೆ ಲಾಭ, 5,000ದವರೆಗೆ 25, ಅದಕ್ಕಿಂತ ಹೆಚ್ಚು ಹಾಕಿದವನಿಗೆ 12. ಬಡವನಿಗೆ ಹೆಚ್ಚು, ಶ್ರೀಮಂತನಿಗೆ ಕಡಿಮೆ. ಈಗಿನ ಲೆಕ್ಕ ಇದಕ್ಕೆ ತಲೆಕೆಳಗು. ಮುಂಚೆಯೇ ಲಾಭ ನಿಗದಿ ಮಾಡುವುದು ಸರಿಯೇ ಎಂದು ಫಿಕ್ಹ್ ಬಲ್ಲವರು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಆದರೆ ದೂರದೇಶದ ವ್ಯಾಪಾರದ ಫಲ ಸಣ್ಣ ಮನೆಗೆ ಮೊದಲು ತಲುಪಬೇಕೆಂಬ ಎಣಿಕೆ ಅದರಲ್ಲಿದೆ.

ಇದೇ ಟಿಪ್ಪು 1786ರಲ್ಲಿ ಗೋಕರ್ಣದ ಬಳಿಯ ತದಡಿ ಬಂದರಿನಿಂದ ದೊಡ್ಡ ರಾಯಭಾರವೊಂದನ್ನು ಇಸ್ತಾಂಬುಲಿಗೆ ಕಳುಹಿಸಿದ. ಗುಲಾಮ್ ಅಲಿ ಖಾನ್ ಅದರ ಮುಖ್ಯಸ್ಥ. ನೂರಾರು ಜನ, ನಾಲ್ಕು ಹಡಗು, ದಾರಿಯ ಖರ್ಚಿಗೆ ಮಾರಲು ಗಂಧ ಮತ್ತು ಸಾಂಬಾರ ಪದಾರ್ಥ. ಬಸ್ರಾದಲ್ಲಿ ಜಾಗ ಕೊಡಿ, ಬದಲಿಗೆ ಮಂಗಳೂರಿನಲ್ಲಿ ಜಾಗ ಕೊಡುತ್ತೇವೆ ಎಂಬ ಪ್ರಸ್ತಾಪ. ನಬೀ ಬಖ್ಶ್ ಎಂಬ ಹಡಗು ಬೆಂಕಿಗೆ ತುತ್ತಾಯಿತು, ರೋಗದಲ್ಲಿ ಬಹಳ ಮಂದಿ ಸತ್ತರು. ಇಸ್ತಾಂಬುಲ್‌ನಲ್ಲಿ ಗೌರವ ಸಿಕ್ಕಿತು, ಬಿರುದು ಸಿಕ್ಕಿತು, ಸೈನ್ಯ ಸಿಗಲಿಲ್ಲ, ಬಸ್ರಾವೂ ಸಿಗಲಿಲ್ಲ. ಉಳಿದವರು ಮಕ್ಕಾದ ಮೂಲಕ 1789ರ ಕೊನೆಗೆ ಕಲ್ಲಿಕೋಟೆಗೆ ಬಂದಿಳಿದರು. ನಮ್ಮ ಭಾಷಣಕಾರರು ಈ ರಾಯಭಾರದ ವೈಭವವನ್ನೇ ಹೇಳುತ್ತಾರೆ. ನನ್ನ ಅಭಿಪ್ರಾಯ ಬೇರೆ. ಖಲೀಫರ ದರ್ಬಾರಿಗೆ ಹೋದ ನೂರಾರು ಜನರಿಗಿಂತ ಮಸ್ಕತ್ತಿನ ಕೋಠಿಯಲ್ಲಿ ತಕ್ಕಡಿ ಹಿಡಿದು ಕುಳಿತ ಆ ದಾರೋಗನೇ ರಾಜ್ಯಕ್ಕೆ ಹೆಚ್ಚು ಉಪಯೋಗಕ್ಕೆ ಬಂದವನು. ಒಂದೇ ಧರ್ಮದವರೆಂಬ ಮಾತ್ರಕ್ಕೆ ಉಸ್ಮಾನೀ ಸುಲ್ತಾನರು ಇಂಗ್ಲಿಷರನ್ನು ಎದುರುಹಾಕಿಕೊಳ್ಳಲಿಲ್ಲ. ಮಸ್ಕತ್ತಿನ ಇಮಾಮರಿಗೂ ನಮಗೂ ಧರ್ಮದ ಜೊತೆ ದಿನನಿತ್ಯದ ಅನ್ನದ ಲೆಕ್ಕವಿತ್ತು. ಆ ಲೆಕ್ಕ ಹಲವು ಅರಸರನ್ನು ದಾಟಿ ಬಾಳಿತು. 1798ರಲ್ಲಿ ಮಸ್ಕತ್ತು ಇಂಗ್ಲಿಷರೊಂದಿಗೆ ಒಪ್ಪಂದ ಮಾಡಿಕೊಂಡಿತು, ಮರುವರ್ಷ ಶ್ರೀರಂಗಪಟ್ಟಣ ಬಿತ್ತು, ಕೋಠಿಯ ಕಥೆ ಮುಗಿಯಿತು. ವ್ಯಾಪಾರ ಮಾತ್ರ ಬೇರೆಯವರ ಬಾವುಟದ ಕೆಳಗೆ ನಡೆಯಿತು. 1970ರವರೆಗೂ ಒಮಾನಿನಲ್ಲಿ ಭಾರತದ ರೂಪಾಯಿಯ ವಂಶದ ನಾಣ್ಯವೇ ಓಡಾಡುತ್ತಿತ್ತೆಂದು ಈಗ ಅಲ್ಲಿ ದುಡಿಯುವ ನಮ್ಮ ಹುಡುಗರಿಗೆ ಹೇಳಿದರೆ ನಂಬುವುದಿಲ್ಲ.

ಸುಂಕದ ರಿಯಾಯಿತಿ ಎಂದಾಗ ಖಲೀಫಾ ಉಮರ್(ರ) ಅವರ ಒಂದು ತೀರ್ಮಾನ ನೆನಪಾಗುತ್ತದೆ. ಪರರಾಜ್ಯದಲ್ಲಿ ನಮ್ಮ ವರ್ತಕರಿಂದ ಹತ್ತನೇ ಒಂದು ಭಾಗ ಸುಂಕ ಪಡೆಯುತ್ತಾರೆ ಎಂದು ಅಬೂ ಮೂಸಾ ಅಲ್ ಅಶ್‌ಅರಿ(ರ) ಬರೆದಾಗ, ಅವರ ವರ್ತಕರಿಂದ ನೀವೂ ಅಷ್ಟೇ ಪಡೆಯಿರಿ ಎಂದು ಉಮರ್(ರ) ಉತ್ತರಿಸಿದರು. ಹೆಚ್ಚೂ ಬೇಡ, ಕಡಿಮೆಯೂ ಬೇಡ. ದೇಶದೇಶಗಳ ನಡುವಿನ ಒಪ್ಪಂದಗಳೆಲ್ಲ ಕೊನೆಗೆ ಬಂದು ನಿಲ್ಲುವುದು ಈ ತಕ್ಕಡಿಯ ಮುಂದೆಯೇ.

ಈ ತಕ್ಕಡಿ ಇಂದೂ ನಮ್ಮ ಅಂಗಳದಲ್ಲಿದೆ. 2022ರಲ್ಲಿ ಭೂತಾನಿನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಆಮದು ಬೆಲೆಯ ಷರತ್ತಿಲ್ಲದೆ ತರಿಸಿಕೊಳ್ಳಲು ಕೇಂದ್ರ ಸರಕಾರ ಅನುಮತಿ ಕೊಟ್ಟಾಗ ಸಾಗರ, ತೀರ್ಥಹಳ್ಳಿಯ ಬೆಳೆಗಾರರು ಕಳವಳಗೊಂಡರು. ಭೂತಾನ್ ಮಿತ್ರದೇಶ, ಮೈತ್ರಿಗೆ ಬೆಲೆ ಕೊಡಬೇಕು ನಿಜ. ಆದರೆ ಆ ಬೆಲೆಯನ್ನು ಯಾರ ತೋಟದಿಂದ ಕೊಡುವುದು ಎಂದು ಕೇಳುವ ಹಕ್ಕು ತೋಟದವನಿಗಿದೆ. ವೆಂಕಟಪ್ಪ ನಾಯಕ ಪೋರ್ಚುಗೀಸರ ಮುಂದೆ ಮೆಣಸಿನ ಹಣದ ಮಾತೆತ್ತಿದ್ದೂ ಅದಕ್ಕೇ. ಒಮಾನಿನ ಒಪ್ಪಂದವನ್ನೂ ಹೀಗೇ ಓದಬೇಕು. ಯಾವ ಸರಕಿಗೆ ಸುಂಕ ಇಳಿಯಿತು, ನಮ್ಮ ಮೆಣಸು, ಏಲಕ್ಕಿ ಆ ಪಟ್ಟಿಯಲ್ಲಿ ಎಲ್ಲಿವೆ ಎಂದು ಸಹಕಾರ ಸಂಘದವರನ್ನು ಕೇಳಿ. ಅವರಿಗೆ ತಿಳಿಯದಿದ್ದರೆ ತಿಳಿದುಕೊಳ್ಳಲಿ.

ನಮ್ಮ ಹುಡುಗರಿಗೆ ಆಗಾಗ ಒಂದು ಚುಚ್ಚುಮಾತು ಕೇಳಿಬರುತ್ತದೆ: ನಿಮ್ಮದೇನಿದ್ದರೂ ಅರಬ್ ದೇಶದ ನಂಟು ಎಂದು. ಹುಡುಗರು ತಲೆ ತಗ್ಗಿಸುತ್ತಾರೆ, ಇಲ್ಲವೇ ಸಿಟ್ಟಾಗುತ್ತಾರೆ. ಎರಡರ ಅಗತ್ಯವೂ ಇಲ್ಲ. ಆ ನಂಟು ಇಡೀ ಮಲೆನಾಡಿನದು. ಇಕ್ಕೇರಿಯ ಅರಸ, ಬಿದನೂರಿನ ರಾಣಿ, ಶೆಣೈ ರಾಯಭಾರಿ, ಎತ್ತು ಹೊಡೆದವರು, ಮೆಣಸು ಕೊಯ್ದ ಕೂಲಿ ಹೆಂಗಸರು, ಎಲ್ಲರೂ ಸೇರಿ ಕಟ್ಟಿದ್ದು. ಅದನ್ನು ನಮ್ಮೊಬ್ಬರದೆಂದು ನಾವು ಹೇಳಿಕೊಳ್ಳುವುದೂ ತಪ್ಪು, ನಮ್ಮ ಮೇಲೆ ಆರೋಪದಂತೆ ಹೊರಿಸುವುದೂ ತಪ್ಪು. ಈ ಉತ್ತರವನ್ನು ಹುಡುಗರಿಗೆ ಮನೆಯಲ್ಲೇ ಹೇಳಿಕೊಡಬೇಕು. ಊಟಕ್ಕೆ ಕುಳಿತಾಗ ಹೇಳಿದರೆ ಸಾಕು, ಸಾರಿನಲ್ಲಿ ಮೆಣಸು ಇದ್ದೇ ಇರುತ್ತದೆ.

ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗುವುದಾದರೆ ಸಾಗರದಿಂದ ಹೊರಟು ಮೊದಲು ಕೆಳದಿಯ ವಸ್ತುಸಂಗ್ರಹಾಲಯ ನೋಡಿ. ಗುಂಡಾ ಜೋಯಿಸರು ಬಾಳೆಲ್ಲ ಕೂಡಿಸಿದ ಓಲೆಗರಿ, ಕಡತಗಳು ಅಲ್ಲಿವೆ. ಅನಂತರ ಇಕ್ಕೇರಿ, ಮುಂದೆ ನಗರದ ಕೋಟೆ. ಅಲ್ಲಿ ನಿಂತು ಪಶ್ಚಿಮಕ್ಕೆ ಕೈ ತೋರಿಸಿ, ಆ ಬೆಟ್ಟದಾಚೆ ಬಸರೂರು, ಬಸರೂರಿನಾಚೆ ಮಸ್ಕತ್ತು ಎಂದು ಹೇಳಿ. ಕವಲೇದುರ್ಗವನ್ನು ಬೇರೆ ದಿನಕ್ಕೆ ಇಟ್ಟುಕೊಳ್ಳುವುದು ಒಳ್ಳೆಯದು. ಹತ್ತುವ ದಾರಿಯೆಲ್ಲ ಚಪ್ಪಡಿ ಕಲ್ಲು, ಮಳೆಗಾಲದಲ್ಲಿ ಜಾರುತ್ತದೆ. ಚಿಕ್ಕ ಮಕ್ಕಳಿದ್ದರೆ ಡಿಸೆಂಬರ್ ಆದ ಮೇಲೆ ಹೋಗಿ.